ಇಂಚರ ಹೊರಡಿಸಿದ ಬಸ್ಸು

ಮಾತಾಡಿದಳು! ನಮ್ಮ ಇಂಚರ ಬಾಯಿಬಿಟ್ಟು ಮಾತಾಡಿಬಿಟ್ಟಳು! ಹಿಂದಿನದು ಮುಂದಿನದು ಎಲ್ಲ ಆಮೇಲೆ ಹೇಳುತ್ತೇನೆ, ಮೊದಲು ಈ ಸಂತೋಷದಲ್ಲಿ ನಿಮ್ಮ ಪಾಲು ತಗೊಳ್ಳಿ. ನಾಲ್ಕು ವರ್ಷ ತುಂಬುತ್ತಾ ಬಂದರೂ ಒಂದು ಮಾತೂ ಆಡದಿದ್ದ ನನ್ನ ಮೊಮ್ಮಗಳು ನಿನ್ನೆ ಬೆಳಿಗ್ಗೆ ತುಂಬಿದ ಬಸ್ಸಿನಲ್ಲಿ, ಡ್ರೈವರಿಗೂ ಮುಟ್ಟುವ ಹಾಗೆ ಮಾತಾಡಿದಳು.

ಈಗ ಹಳೇಬೀಡಿನಲ್ಲಿ ನನ್ನ ತಂಗಿ ಶಾಂತಳ ಮನೆಯ ಜಗಲಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಎದುರಿನ ಕಿಟಕಿಯಲ್ಲಿ ಒಂದು ಪುಟ್ಟ ಗಾಜಿನ ಟೀ ಲೋಟ ಬಿಸಿಲಿಗೆ ಹೊಳೆಯುತ್ತಿದೆ. ಅದು ಶಾಂತಳದ್ದಲ್ಲ, ನನ್ನದೂ ಅಲ್ಲ. ಜಾವಗಲ್ಲಿನ ಯಾವುದೋ ಟೀ ಅಂಗಡಿಯದು. ಅದು ಇಲ್ಲಿಗೆ ಹೇಗೆ ಬಂತು ಎಂದು ಹೇಳಬೇಕಾದರೆ ಇಂಗ್ಲಿಷಿನಿಂದ ಶುರು ಮಾಡಬೇಕು. ನಗಬೇಡಿ. ನಾಲ್ಕನೇ ಕ್ಲಾಸು ಓದಿದ ಮುದುಕಿಗೂ ಇಂಗ್ಲಿಷಿಗೂ ಏನು ಸಂಬಂಧ ಅಂತೀರಾ? ಇದೆ, ಕೇಳಿ.

ನಮ್ಮ ಕಾಲದಲ್ಲಿ ಇಂಗ್ಲಿಷು ಐದನೇ ಕ್ಲಾಸಿಗೆ ಶುರುವಾಗುತ್ತಿತ್ತು. ಹಾರನಹಳ್ಳಿಯ ಶಾಲೆಯಲ್ಲಿ ನಾನು ನಾಲ್ಕು ಮುಗಿಸಿ ಮನೆಯಲ್ಲಿ ಕೂತೆ. ಅದು ಬಾಗಿಲಿಗೆ ಬರುವ ಹೊತ್ತಿಗೆ ನಾನು ಹಿತ್ತಿಲಿನಿಂದ ಹೊರಟುಹೋದ ಹಾಗಾಯಿತು. ಆದ್ದರಿಂದ ನನಗೆ ಇಂಗ್ಲಿಷ್ ಬಂದದ್ದೆಲ್ಲ ಕಿವಿಯಿಂದ, ಅದೂ ಒಬ್ಬೊಬ್ಬರ ಬಾಯಿಂದ ಒಂದೊಂದೇ ಪದವಾಗಿ. ಪದ ಅಂದರೆ ನನಗೆ ಅಕ್ಷರ ಕಾಣುವುದಿಲ್ಲ, ಅದನ್ನು ಆಡಿದವರ ಮುಖ ಕಾಣುತ್ತದೆ.

ಮೊದಲನೆಯ ಪದ ನಮ್ಮ ಮಾವನವರದು. ಅವರು ನನ್ನನ್ನು ನೋಡಲು ಹಾರನಹಳ್ಳಿಗೆ ಬಂದಾಗ ಅಪ್ಪ ಊರು ಯಾವುದೆಂದು ಮಾತಿಗೆ ಕೇಳಿದರು. ಮಾವ ಶಲ್ಯ ಸರಿಮಾಡಿಕೊಂಡು, "ನಮ್ದು ಬರೀ ಅರಸೀಕೆರೆ ಅಲ್ಲ ಸ್ವಾಮಿ, ಅರಸೀಕೆರೆ ಜಂಕ್ಷನ್ನು!" ಎಂದರು. ಒಳಗೆ ಕಾಫಿ ಲೋಟ ಜೋಡಿಸುತ್ತಿದ್ದ ನಾನು, ಜಂಕ್ಷನ್ನು ಅಂದರೆ ಮೂರಂಕಣದ ಮನೆ ಇರಬೇಕು ಎಂದುಕೊಂಡು ಮನಸ್ಸಿನಲ್ಲೇ ಒಪ್ಪಿಬಿಟ್ಟೆ. ಹೋಗಿ ನೋಡಿದರೆ ಪುಟ್ಟ ಮನೆ, ತುಂಬ ಕೊಬ್ಬರಿ, ಆಚೆಗೆ ರೈಲು. ಆದರೂ ಆ ಪದ ಅವರ ಬಾಯಲ್ಲಿ ಎಷ್ಟು ಚೆಂದ ಇತ್ತು ಗೊತ್ತೇ? ನಾಲ್ಕು ದಿಕ್ಕಿನ ರೈಲೂ ನಮ್ಮ ಅಂಗಳದಲ್ಲೇ ನಿಂತು ನೀರು ಕುಡಿದು ಹೋಗುತ್ತವೆ ಅನ್ನುವ ಹಾಗೆ.

ನಮ್ಮ ಯಜಮಾನರಿಗೆ 'ಕ್ವಾಲಿಟಿ'. ಕೊಬ್ಬರಿ ಮಂಡಿಯಲ್ಲಿ ಬೆಳೆದವರು ನೋಡಿ. ಕೊಬ್ಬರಿಯನ್ನು ಬೆರಳಲ್ಲಿ ತಟ್ಟಿ ಕಿವಿಗೆ ಹಿಡಿದು "ಕ್ವಾಲಿಟಿ!" ಅನ್ನುತ್ತಾರೆ. ಕೊಬ್ಬರಿಗಾದರೆ ಸರಿ, ಮಠಕ್ಕೆ ಹೋಗಿ ಸ್ವಾಮಿಗಳ ಪ್ರವಚನ ಕೇಳಿ ಬಂದೂ ಅದನ್ನೇ ಅಂದಾಗ ನಾನು, "ಅದನ್ನೂ ತಟ್ಟಿ ನೋಡಿದ್ರೇನ್ರೀ?" ಎಂದು ಕೇಳಿದ್ದೆ.

ಇನ್ನು ಶಾಂತ. ಹಳೇಬೀಡಿನ ಗುಡಿಯ ಮುಂದೆ ಎಳನೀರು ಮಾರುವವಳು. ಅವಳದು 'ಬ್ಯೂಟಿಫುಲ್'. ಗುಡಿ ನೋಡಿ ಹೊರಗೆ ಬರುವವರೆಲ್ಲ ಅದನ್ನೇ ಹೇಳಿಕೊಂಡು ಬರುವುದರಿಂದ ಅವಳಿಗೆ ಅಂಟಿಕೊಂಡಿದೆ. ಎಮ್ಮೆ ಕರು ಹಾಕಿದರೆ ಬ್ಯೂಟಿಫುಲ್, ಮುದ್ದೆ ಗಂಟಾಗದೆ ಬಂದರೆ ಬ್ಯೂಟಿಫುಲ್. ಗಂಡ ಹೊಸ ಹಲ್ಲಿನ ಸೆಟ್ಟು ಹಾಕಿಸಿಕೊಂಡು ಬಂದಾಗಲೂ ಅದನ್ನೇ ಅಂದಳು. ಪಾಪ, ಆತ ಒಂದು ವಾರ ಬಾಯಿ ಮುಚ್ಚಲಿಲ್ಲ.

ಇಷ್ಟೆಲ್ಲ ನೆನಪಾಗಲು ಕಾರಣ ನನ್ನ ಸೊಸೆ ರೂಪ. ಅವಳು ಅರಸೀಕೆರೆಯಲ್ಲೇ ಒಂದು ಶಾಲೆಯಲ್ಲಿ ಇಂಗ್ಲಿಷ್ ಟೀಚರು. ಒಂದು ಸಂಜೆ ನಗುತ್ತಾ ಬಂದಳು. ನಿಮಗೆ ತುಂಬ ಇಷ್ಟವಾದ ಇಂಗ್ಲಿಷ್ ಪದ ಯಾವುದು ಎಂದು ಮಕ್ಕಳನ್ನು ಕೇಳಿದ್ದಳಂತೆ. ಅರ್ಧ ಕ್ಲಾಸು 'ಹಾಲಿಡೇ' ಅಂದಿತಂತೆ. ಒಂದು ಹುಡುಗಿ ಮಾತ್ರ 'ಅಂಬ್ರೆಲಾ' ಅಂದಳಂತೆ, ಹೇಳುವಾಗಲೇ ಬಾಯಿ ಕೊಡೆಯ ಹಾಗೆ ಬಿಚ್ಚಿಕೊಳ್ಳುತ್ತದೆ ಮಿಸ್ ಅಂತ. ಎಂಥ ಮಕ್ಕಳಪ್ಪ!

ಆ ಆಟ ಮನೆಯಲ್ಲೂ ಶುರುವಾಯಿತು. ನನ್ನ ಮಗ ಮಂಜು, "ನಂದು ಲೋಡ್‌ಶೆಡ್ಡಿಂಗು. ಅದಾದ್ರೆ ಎಲ್ರೂ ಫೋನ್ ಬಿಟ್ಟು ಜಗಲಿಗೆ ಬರ್ತಾರೆ" ಎಂದ. ಆಮೇಲೆ ರೂಪ ನನ್ನ ಕಡೆ ತಿರುಗಿದಳು.

"ಅತ್ತೆ, ನಿಮ್ದು?"

"ನಂಗ್ಯಾವ್ದೂ ಇಲ್ಲ ಕಣಮ್ಮ. ಎಲ್ಲಾ ಬೇರೆಯವ್ರ ಪದಗಳೇ. ನಂದು ಅಂತ ಒಂದೂ ಇಲ್ಲ."

ತಮಾಷೆಗೆ ಹೇಳಿದ್ದು. ಹೇಳಿದ ಮೇಲೆ ಎಲ್ಲರ ಕಣ್ಣೂ ಇಂಚರಳ ಕಡೆ ಹೋಯಿತು. ಅವಳು ನೆಲದ ಮೇಲೆ ಕೊಬ್ಬರಿ ಚಿಪ್ಪುಗಳನ್ನು ಸಾಲಾಗಿ ಇಡುತ್ತಿದ್ದಳು. ನಮ್ಮ ಮನೆಯಲ್ಲಿ ಒಂದು ಪದವೂ ಇಲ್ಲದವಳು ನಾನಲ್ಲ, ಅವಳು.

ಇಂಚರ ಅಂದರೆ ಇಂಪಾದ ದನಿ. ಆ ಹೆಸರಿಟ್ಟವರು ನಾವೇ. ಹಾಸನದ ಡಾಕ್ಟರು ಕಿವಿ ಪರೀಕ್ಷೆ ಮಾಡಿ, ಎಲ್ಲ ಸರಿಯಾಗಿದೆ, ಎಲ್ಲ ತಿಳಿಯುತ್ತದೆ, ಹೆದರಬೇಡಿ, ಜನರ ನಡುವೆ ಇರಲಿ, ನೀವು ಮಾತಾಡುತ್ತಾ ಇರಿ ಎಂದಿದ್ದರು. ಮಾತಾಡುವುದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಬಿಡಿ! ಆದರೆ ಶಾಲೆಗೆ ಸೇರಿಸುವ ವಯಸ್ಸು ಹತ್ತಿರ ಬಂದಂತೆ ರೂಪ ಸೊರಗತೊಡಗಿದಳು. ಊರವರ ಮಕ್ಕಳಿಗೆಲ್ಲ ಪದ ಕಲಿಸಿ ಬಂದು, ತನ್ನ ಮಗಳ ಮುಂದೆ ಕೂತು, "ಅಮ್ಮ ಅನ್ನು ಚಿನ್ನ, ಒಂದ್ಸಲ ಅಮ್ಮ ಅನ್ನು" ಎಂದು ಗೋಗರೆಯುವಳು. ಮಗು ಅವಳ ಕೆನ್ನೆ ಸವರಿ ಸುಮ್ಮನಾಗುವುದು.

ಇದರ ಮೇಲೆ ಪಕ್ಕದ ಮನೆಯವಳು ಒಂದು ಮಾತು ಅಂದುಬಿಟ್ಟಳು. "ಅವ್ರವ್ವ ಇಂಗ್ಲಿಷು, ಅಜ್ಜಿ ಕನ್ನಡ. ಯಾವ್ ಕಡೀಕ್ ಹೋಗ್ಬೇಕು ಅಂತ ತಿಳೀದೆ ಕೂಸು ದಾರೀಲೇ ಕುಂತೈತೆ."

ರೂಪಳಿಗೆ ಅದು ಚುಚ್ಚಿತು. ಆ ಸಂಜೆಯೇ ಅಪ್ಪಣೆ ಆಯಿತು: ಮನೆಯೊಳಗೆ ಇನ್ನು ಒಂದೂ ಇಂಗ್ಲಿಷ್ ಪದ ಕೂಡದು. ಡಾಕ್ಟರು ಹಾಗೇನೂ ಹೇಳಲಿಲ್ಲವಲ್ಲೇ ಎಂದು ಮಂಜು ಗೊಣಗಿದರೂ ಕೇಳಲಿಲ್ಲ. ಅಯ್ಯೋ, ಆ ದಿನಗಳ ಫಜೀತಿ ಕೇಳಬೇಡಿ! ಇಂಗ್ಲಿಷ್ ಬರದ ನನಗೇ ಎಷ್ಟು ಇಂಗ್ಲಿಷ್ ಬರುತ್ತದೆ ಎಂದು ತಿಳಿದದ್ದು ಆಗಲೇ. ಫ್ಯಾನು ಅನ್ನುವ ಹಾಗಿಲ್ಲ, ಸ್ವಿಚ್ಚು ಅನ್ನುವ ಹಾಗಿಲ್ಲ, ಗ್ಯಾಸು ಕುಕ್ಕರು ಅನ್ನುವ ಹಾಗಿಲ್ಲ. "ಆ ಗಾಳಿ ತಿರುಗ್ಸೋದು ಒತ್ರೀ" ಎಂದರೆ ಯಜಮಾನರು ದೀಪ ಹಾಕುವರು. ಅವರ ಪಾಡಂತೂ ಇನ್ನೂ ಕಷ್ಟ. ಕೊಬ್ಬರಿ ತಟ್ಟಿ ಬಾಯಿ ತೆರೆದು, "ಕ್ವಾ..." ಎಂದು ಅಲ್ಲೇ ನುಂಗಿಕೊಳ್ಳುವರು. "ಕಾಗೆ ಹಂಗ್ಯಾಕ್ ಕೂಗ್ತೀರಿ?" ಎಂದರೆ ನನ್ನನ್ನು ದುರುಗುಟ್ಟಿ ನೋಡುವರು. ನಗು ಬರುತ್ತಿತ್ತು, ಆದರೆ ಮನೆಯಲ್ಲಿ ಮಾತು ಕಮ್ಮಿಯಾಯಿತು. ಒಂದು ಮಗು ಮಾತಾಡಲೆಂದು ಉಳಿದವರೆಲ್ಲ ಮೂಗರಾಗಿದ್ದೆವು.

ನನಗೆ ತಡೆಯದು. ಡಾಕ್ಟರು ಜನರ ನಡುವೆ ಇರಲಿ ಎಂದಿದ್ದರಲ್ಲ, ಮಗುವನ್ನು ಎತ್ತಿಕೊಂಡು ಬಸ್ಸು ಹತ್ತುವುದು ಶುರು ಮಾಡಿದೆ. ಒಂದು ದಿನ ಹಾರನಹಳ್ಳಿ, ಒಂದು ದಿನ ಬಾಣಾವರ. ಬಸ್ಸೆಂದರೆ ಇಂಚರಳಿಗೆ ಪ್ರಾಣ. ಕಿಟಕಿಯಾಚೆ ನೋಡುವವಳಲ್ಲ, ಹಿಂದಿನ ಬಾಗಿಲ ಹತ್ತಿರ ನಿಂತ ಕಂಡಕ್ಟರನನ್ನೇ ಬಿಟ್ಟ ಕಣ್ಣು ಬಿಟ್ಟಂತೆ ನೋಡುವವಳು. ಅವನ ಬಾಯಿ, ಅವನ ಕೈ, ಅವನು ಬಸ್ಸಿನ ಮೈ ತಟ್ಟುವುದು. ನಾನು ಅದನ್ನು ಮಕ್ಕಳ ಬೆರಗು ಎಂದುಕೊಂಡಿದ್ದೆ.

ನಿನ್ನೆ ಶಾಂತಳ ಮನೆಗೆಂದು ಹಳೇಬೀಡಿನ ಬಸ್ಸು ಹತ್ತಿದೆವು. ಜಾವಗಲ್ಲಿನಲ್ಲಿ ಬಸ್ಸು ನಿಂತಿತು. ಕಂಡಕ್ಟರು ಟೀ ಕುಡಿಯಲು ಇಳಿದ. ಎಂಜಿನ್ನು ಗುರುಗುಟ್ಟುತ್ತಿದೆ, ಸೆಕೆ, ಜನ ಗೊಣಗುತ್ತಿದ್ದಾರೆ. "ಎಲ್ಲೋದ್ನಪ್ಪಾ ಈ ಕಂಡಕ್ಟ್ರು? ಟೀ ಕುಡೀತವ್ನೋ, ಎಮ್ಮೆ ಕರ್ದು ಕಾಯಿಸ್ತವ್ನೋ?" ಎಂದರು ಯಾರೋ.

ಇಂಚರ ನನ್ನ ತೊಡೆಯಿಂದ ಎದ್ದಳು. ಸೀಟಿನ ಮೇಲೆ ನಿಂತಳು. ಒಂದು ಕೈಯಲ್ಲಿ ಮುಂದಿನ ಸೀಟಿನ ಕಂಬಿ ಹಿಡಿದಳು. ಇನ್ನೊಂದು ಕೈಯಿಂದ ಬಸ್ಸಿನ ಮೈಗೆ ಟಪ ಟಪ ಎಂದು ತಟ್ಟಿದಳು.

"ರೈಟ್!"

ಗುಡಿಯ ಗಂಟೆ ಹೊಡೆದ ಹಾಗೆ! ನಾನು ಅವಳ ಮುಖ ನೋಡುವಷ್ಟರಲ್ಲಿ ಮುಂದೆ ತೂಕಡಿಸುತ್ತಿದ್ದ ರುಮಾಲಿನ ಗೌಡರೊಬ್ಬರು ಕಣ್ಣು ಮುಚ್ಚಿಕೊಂಡೇ, "ರೈಟಂತೆ, ರೈಟ್ ರೈಟ್!" ಎಂದು ದಾಟಿಸಿದರು. ಬಸ್ಸು ಹೊರಟೇಬಿಟ್ಟಿತು! ಹಿಂದೆ ನೋಡಿದರೆ ಕಂಡಕ್ಟರು ಕೈಯಲ್ಲಿ ಟೀ ಲೋಟ ಹಿಡಿದು, "ಲೇ! ಲೇ! ನಿಲ್ಸಲಾ!" ಎಂದು ಓಡಿ ಬರುತ್ತಿದ್ದಾನೆ. ಬಸ್ಸೆಲ್ಲ "ಹೋಲ್ಡಾನ್! ಹೋಲ್ಡಾನ್!" ಎಂದು ಕೂಗುತ್ತಿದೆ. ನಾನೊಬ್ಬಳೇ ಕೂಗಲಿಲ್ಲ. ನಾನು ಮಗುವನ್ನು ಅವುಚಿಕೊಂಡು ಅಳುತ್ತಿದ್ದೆ, ನಗುತ್ತಿದ್ದೆ, ಯಾವುದು ಯಾವುದೋ ನನಗೇ ತಿಳಿಯದು.

ಬಸ್ಸು ನಿಂತಿತು, ಕಂಡಕ್ಟರು ಏದುಸಿರು ಬಿಡುತ್ತಾ ಹತ್ತಿದ. "ಯಾವನ್ಲಾ ಅವ್ನು ರೈಟ್ ಹೇಳಿದ್ದು?"

"ನಮ್ ಕೂಸು ಕಣಪ್ಪಾ! ಬೈಬ್ಯಾಡ ಕಣಪ್ಪಾ! ಹುಟ್ಟಿದ್ಮೇಲೆ ಇದೇ ಮೊದಲ್ನೇ ಮಾತು ಕಣಪ್ಪಾ!"

ಅವನು ನನ್ನನ್ನು ನೋಡಿದ, ಮಗುವನ್ನು ನೋಡಿದ. ಸಿಟ್ಟು ಇಳಿಯಿತು. ಲೋಟವನ್ನು ನನ್ನ ಕೈಗೆ ಕೊಟ್ಟು, ಅವಳ ಮುಂದೆ ಬಗ್ಗಿ, "ಈಗ ನಾ ಹತ್ತಿದೀನಿ ಕಣವ್ವ. ಇನ್ನೊಂದ್ಸಲ ಹೇಳು, ಹೋಗಾಣ" ಎಂದ.

ಇಂಚರ ಮತ್ತೆ ಬಸ್ಸಿನ ಮೈ ತಟ್ಟಿದಳು. "ರೈಟ್!" ಎಂದಳು. ಬಸ್ಸು ಹೊರಟಿತು. ಆಮೇಲೆ ಹಳೇಬೀಡಿನವರೆಗೆ ಪ್ರತಿ ಸ್ಟಾಪಿನಲ್ಲೂ ಆತ ಬಾಯಿಬಿಡಲಿಲ್ಲ, ಇವಳ ಮುಖ ನೋಡುವನು ಅಷ್ಟೇ. ನೀವೇ ಹೇಳಿ, ಅಮ್ಮ ಅಂದರೆ ಅಮ್ಮ ಒಬ್ಬಳು ತಿರುಗಿ ನೋಡುತ್ತಾಳೆ. ಇದನ್ನಂದರೆ ಅಷ್ಟು ದೊಡ್ಡ ಬಸ್ಸೇ ಮೇಲೆದ್ದು ಹೊರಡುತ್ತದೆ! ಆರಿಸಿದರೆ ಇಂಥ ಪದ ಆರಿಸಬೇಕು. ಗಡಿಬಿಡಿಯಲ್ಲಿ ಲೋಟ ನನ್ನ ಕೈಯಲ್ಲೇ ಉಳಿಯಿತು. ವಾಪಸು ಹೋಗುವಾಗ ಕೊಡಬೇಕು.

ಇಳಿದವಳೇ ರೂಪಳಿಗೆ ಫೋನು ಮಾಡಿದೆ. "ಮಾತಾಡಿದ್ಲು ಕಣಮ್ಮ!"

ಆ ಕಡೆಯಿಂದ ಸಣ್ಣ ದನಿಯಲ್ಲಿ, "ಏನಂದ್ಳು ಅತ್ತೆ? ಅಮ್ಮ ಅಂದ್ಳಾ?"

ಸುಳ್ಳು ಹೇಳಲೇ? "ಇಲ್ಲ ಕಣಮ್ಮ. ಬೈಕೋಬ್ಯಾಡ. ಇಂಗ್ಲಿಷಲ್ಲಿ ಅಂದ್ಳು. ರೈಟ್ ಅಂದ್ಳು."

ಅವಳು ಅತ್ತಳು. ಅಳುತ್ತಲೇ ಬಿದ್ದು ಬಿದ್ದು ನಕ್ಕಳು. "ಟೀಚರ್ ಮಗಳು ಅತ್ತೆ! ಟೀಚರ್ ಮಗಳು! ರೈಟ್ ಅನ್ನದೆ ಇನ್ನೇನ್ ಅಂತಾಳೆ! ಇರಿ, ಬಂದೆ!"

ಸಂಜೆ ಯಜಮಾನರು, ಮಂಜು, ರೂಪ ಮೂವರೂ ಬಂದಿಳಿದರು. ಅದೇ ಬಸ್ಸು, ಅದೇ ಕಂಡಕ್ಟರು. ನಾನು ಹೇಳಬೇಕೆಂದು ಬಾಯಲ್ಲಿ ಹಿಡಿದಿದ್ದ ಕಥೆಯನ್ನೆಲ್ಲ ಅವನೇ ದಾರಿಯುದ್ದಕ್ಕೂ ಹೇಳಿ ಮುಗಿಸಿದ್ದ. ಹೊಟ್ಟೆ ಉರಿಯಿತು, ನಿಜ ಹೇಳುತ್ತೇನೆ. ರೂಪ ಮಗಳನ್ನು ಎತ್ತಿಕೊಂಡವಳು ಇಳಿಸಲೇ ಇಲ್ಲ.

ಶಾಂತ ಹಿತ್ತಿಲಿನ ಬಾಳೆಯೆಲೆ ಕೊಯ್ದು ಹಾಕಿದಳು. ಮುದ್ದೆ, ಅವರೆಕಾಳು ಸಾರು, ನಮ್ಮ ಕೊಬ್ಬರಿಯನ್ನೇ ಹಾಕಿದ ಗಸಗಸೆ ಪಾಯಸ. ಎಲ್ಲರೂ ಸಾಲಾಗಿ ಕೂತೆವು. ಇಂಚರ ಎಲೆಯ ಜೊತೆಗೆ ಆ ಟೀ ಲೋಟವೇ ಬೇಕೆಂದು ಮುಂದಿಟ್ಟುಕೊಂಡಿದ್ದಳು. ಬಡಿಸಿಯಾಯಿತು, ಯಾರೂ ಕೈಯಿಕ್ಕಲಿಲ್ಲ. ಯಾರೂ ಹೇಳಿಕೊಟ್ಟಿರಲಿಲ್ಲ, ಆದರೂ ಎಲ್ಲರೂ ಅವಳನ್ನೇ ನೋಡುತ್ತಿದ್ದೆವು. ಅವಳು ಒಬ್ಬೊಬ್ಬರ ಮುಖವನ್ನೂ ನೋಡಿ, ಎಲ್ಲರೂ ಹತ್ತಿದ್ದಾರೆ ಎಂದು ಖಾತ್ರಿಯಾದ ಮೇಲೆ, ನೆಲ ತಟ್ಟಿದಳು.

"ರೈಟ್!"

ಹೊರಟೆವು ನೋಡಿ! ಕಟ್ಟಿಹಾಕಿದ್ದ ಪದಗಳೂ ಜೊತೆಗೇ ಹೊರಟವು. ಯಜಮಾನರು ಸಾರು ಸೊರ್ರನೆ ಸುರಿದು "ಕ್ವಾಲಿಟಿ!" ಎಂದು ಮನೆ ಹಾರಿಹೋಗುವ ಹಾಗೆ ಕೂಗಿದರು. ಶಾಂತ, "ಬ್ಯೂಟಿಫುಲ್ ಕಣ್ರೀ ಭಾವ, ಬ್ಯೂಟಿಫುಲ್!" ಎಂದಳು. ರೂಪ ಯಾರನ್ನೂ ತಡೆಯಲಿಲ್ಲ. ಮುದ್ದೆ ಮುರಿಯುತ್ತಾ ನನ್ನ ಕಡೆ ತಿರುಗಿ, "ಅತ್ತೆ, ಈಗ ಹೇಳಿ. ನಿಮ್ದು ಯಾವ್ ಪದ?" ಎಂದಳು.

"ಇನ್ನೂ ಕೇಳ್ಬೇಕೇನಮ್ಮ?" ಎಂದೆ. ಎದ್ದು, ಪಾಯಸದ ಪಾತ್ರೆ ತಂದು, ಇಂಚರಳ ಲೋಟಕ್ಕೆ ಸೌಟಿನಿಂದ ಹುಯ್ಯತೊಡಗಿದೆ. ನನ್ನ ಕೈ ನಿಮಗೆ ಗೊತ್ತಿಲ್ಲ; ಬಡಿಸಲು ಶುರು ಮಾಡಿದರೆ, 'ಸಾಕು' ಎಂದು ನಿಲ್ಲಿಸಿದವರು ಈ ಮನೆತನದಲ್ಲಿ ನಿನ್ನೆಯವರೆಗೆ ಹುಟ್ಟಿರಲಿಲ್ಲ. ಪಾಯಸ ಅಂಚಿಗೆ ಬಂತು. ಪುಟ್ಟ ಅಂಗೈಯೊಂದು ಲೋಟದ ಮೇಲೆ ಬಂದು ನಿಂತಿತು.

"ಹೋಲ್ಡಾನ್!"

ನಿಲ್ಲಿಸಿದೆ. ಬಸ್ಸೇ ನಿಲ್ಲುವಾಗ ನಾನು ಯಾವ ಲೆಕ್ಕ? ಸೌಟು ಗಾಳಿಯಲ್ಲಿ, ಎಲ್ಲರ ತುತ್ತು ಬಾಯಿಯ ಹತ್ತಿರ, ಯಾರಿಗೂ ಅಲ್ಲಾಡುವ ಧೈರ್ಯವಿಲ್ಲ. ಇಂಚರ ಲೋಟ ಎತ್ತಿ, ಗಟಗಟ ಕುಡಿದು, ತುಟಿ ಒರೆಸಿಕೊಂಡು, ಖಾಲಿ ಲೋಟವನ್ನು ನನ್ನ ಮುಂದೆ ಇಟ್ಟಳು. ಆಮೇಲೆ ನನ್ನ ಮುಖ ನೋಡಿ ನಕ್ಕಳು.

"ರೈಟ್" ಎಂದಳು.

ನಾನು ಬಡಿಸಿದೆ.