ಪ್ರಿನ್ಸನ ಕುಲಗೋತ್ರ

ನಮ್ಮ ಮನೆಯಲ್ಲಿ ಈಗ ನಾಲ್ಕು ಬಾಚಣಿಗೆಗಳಿವೆ. ಅವುಗಳಲ್ಲಿ ಮೂರು ನಾಯಿಯವು. ಉಳಿದ ಒಂದರಲ್ಲಿ ನಾನು, ನನ್ನ ತಮ್ಮ, ಅವನ ಹೆಂಡತಿ ಮೂವರೂ ಸುಧಾರಿಸಿಕೊಳ್ಳುತ್ತೇವೆ. ತಮ್ಮನಿಗೆ ಕೂದಲು ಉಳಿದಿರುವುದು ಕಿವಿಯ ಮೇಲಷ್ಟೇ ಆದ್ದರಿಂದ ಜಗಳವಾಗುವುದಿಲ್ಲ.

ನಾಯಿಯ ಹೆಸರು ಪ್ರಿನ್ಸ್, ಜಾತಿ ಯಾರ್ಕ್‌ಶೈರ್ ಟೆರಿಯರ್. ಕೈಚೀಲದಲ್ಲಿ ಹಿಡಿಸುವಷ್ಟು ಗಾತ್ರ. ಬೆನ್ನ ಮೇಲೆ ಉಕ್ಕಿನ ಬಣ್ಣದ, ಮುಖ ಮತ್ತು ಕಾಲಿನ ಮೇಲೆ ಹೊಂಬಣ್ಣದ ರೇಷ್ಮೆಗೂದಲು. ಅದು ಅಷ್ಟಾಗಿ ಉದುರುವುದಿಲ್ಲ, ಬೆಳೆಯುತ್ತಲೇ ಹೋಗುತ್ತದೆ. ಕಣ್ಣಿಗೆ ಬೀಳದಂತೆ ಜುಟ್ಟು ಕಟ್ಟಿ ರಿಬ್ಬನ್ ಹಾಕಬೇಕು. ಹೊನ್ನಾವರದ ಸೆಕೆಯಲ್ಲಿ ಕರೆಂಟು ಹೋದರೆ ತಮ್ಮ ಅದರ ಪಕ್ಕ ಕುಳಿತು ಬೀಸಣಿಗೆ ಹಿಡಿಯುತ್ತಾನೆ. ನಮ್ಮಪ್ಪ ಕೊನೆಗಾಲದಲ್ಲಿ ಹಾಸಿಗೆ ಹಿಡಿದಿದ್ದಾಗ ತಮ್ಮನ ಕೈಯಲ್ಲಿ ಬೀಸಣಿಗೆ ಕಂಡ ನೆನಪು ನನಗಿಲ್ಲ.

ಮನೆಗೆ ಬಂದವರಿಗೆ ಬೆಲ್ಲ-ನೀರು ಕೊಡುವ ಮೊದಲೇ ತಮ್ಮ ಇದು ರಾಜಮನೆತನದ ನಾಯಿ ಎಂದು ಶುರು ಮಾಡುತ್ತಾನೆ. ನಾನು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದವಳು, ವಂಶಾವಳಿ ಅಂದರೆ ಸುಮ್ಮನಿರಲಾರೆ. ಹುಡುಕಿ ಓದಿದೆ. ಇಂಗ್ಲೆಂಡಿನ ಯಾರ್ಕ್‌ಶೈರ್ ಸೀಮೆಯಲ್ಲಿ ಬಟ್ಟೆ ಗಿರಣಿಗಳು ಎದ್ದಾಗ, ಸ್ಕಾಟ್‌ಲೆಂಡಿನಿಂದ ಹೊಟ್ಟೆಪಾಡಿಗೆ ಬಂದ ನೇಕಾರರು ತಮ್ಮ ಗಿಡ್ಡ ನಾಯಿಗಳನ್ನೂ ತಂದರಂತೆ. ಅವು ಅಲ್ಲಿಯವುಗಳ ಜೊತೆ ಕೂಡಿ, ಅದಕ್ಕೆ ಇನ್ನೊಂದು ಮತ್ತೊಂದು ಸೇರಿ, ಯಾವುದರಲ್ಲಿ ಏನಿದೆ ಎಂದು ಯಾರಿಗೂ ಖಚಿತವಾಗಿ ಹೇಳಲು ಬಾರದ ಈ ತಳಿ ಆಯಿತು. ಕೆಲಸ ಗಿರಣಿಯಲ್ಲಿ, ಗಣಿಯಲ್ಲಿ ಇಲಿ ಹಿಡಿಯುವುದು. ಟೆರಿಯರ್ ಎಂಬ ಹೆಸರೇ ಮಣ್ಣು ಎಂಬರ್ಥದ ಪದದಿಂದ ಬಂದದ್ದು, ಬಿಲದೊಳಗೆ ನುಗ್ಗುವ ನಾಯಿ ಎಂದು. ಮುಂದೆ ಸಿರಿವಂತ ಹೆಂಗಸರ ತೊಡೆಯೇರಿ ಕುಳಿತ ಮೇಲೆ ಹಿಂದಿನದನ್ನು ಯಾರೂ ಕೇಳಲಿಲ್ಲ. ಇಷ್ಟನ್ನೂ ತಮ್ಮನಿಗೆ ಓದಿ ಹೇಳಿದೆ. ಅವನು ಪ್ರಿನ್ಸನ ಕಿವಿ ಮುಚ್ಚಿದ.

ತಮ್ಮನಿಗೆ ಒಬ್ಬಳೇ ಮಗಳು, ಸಂಧ್ಯಾ. ಕುಮಟೆಯ ಒಂದು ಆಸ್ಪತ್ರೆಯಲ್ಲಿ ನರ್ಸ್. ಅಲ್ಲೇ ಲ್ಯಾಬಿನಲ್ಲಿ ಕೆಲಸ ಮಾಡುವ ಮಾವಿನಕುರ್ವೆಯ ಹುಡುಗನನ್ನು ಮದುವೆಯಾಗುತ್ತೇನೆ ಎಂದಳು. ಹುಡುಗನ ಅಪ್ಪ ದೋಣಿಯಲ್ಲಿ ಬಲೆ ಹಾಕುವವರು. ತಮ್ಮ ಆಗ ಪ್ರಿನ್ಸನ ಸಿಕ್ಕು ಬಿಡಿಸುತ್ತಿದ್ದ, ತಲೆಯನ್ನೂ ಎತ್ತಲಿಲ್ಲ.

"ಮೂಲ ಎಂತದು ಅಂತ ನೋಡ್ದೆ ಹೆಣ್ಣು ಕೊಡೂಕೆ ಆತದಾ, ಅಕ್ಕ?" ಎಂದು ನನ್ನನ್ನು ಕೇಳಿದ. ಅಷ್ಟು ಬೆರಕೆಯ ನಾಯಿಯನ್ನು ತೊಡೆಯ ಮೇಲಿಟ್ಟುಕೊಂಡು ಹಾಗೆ ಕೇಳಲು ಮುಖಕ್ಕೆ ದಪ್ಪ ಚರ್ಮ ಬೇಕು.

ಅವಸರದಲ್ಲಿ ಭಟ್ಕಳ ಕಡೆಯಿಂದ ಒಂದು ಸಂಬಂಧ ತರಿಸಿದ. ಹುಡುಗನ ಕಡೆಯವರು ಜಗಲಿಯಲ್ಲಿ ಅವಲಕ್ಕಿ ತಿನ್ನುತ್ತ ನಾಯಿಯ ರಾಜವಂಶದ ಕಥೆ ಕೇಳುತ್ತಿದ್ದಾಗ, ಪ್ರಿನ್ಸ್ ತೆಂಗಿನಕಾಯಿ ರಾಶಿಯ ಹಿಂದಿನಿಂದ ತನ್ನಷ್ಟೇ ದೊಡ್ಡ ಹೆಗ್ಗಣವನ್ನು ಎಳೆದು ತಂದು, ಮದುವೆ ಹುಡುಗನ ಕಾಲ ಬುಡದಲ್ಲಿ ಹಾಕಿ, ಶಾಭಾಸ್‌ಗಿರಿಗೆ ಕಾದು ನಿಂತಿತು. ರಿಬ್ಬನ್ ಮಾತ್ರ ನೆಟ್ಟಗೇ ಇತ್ತು. ಸಂಧ್ಯಾ ಎಷ್ಟೋ ವಾರಗಳ ಮೇಲೆ ನಕ್ಕಳು. ಹೋದವರು ಮತ್ತೆ ಸುದ್ದಿ ಹೇಳಲಿಲ್ಲ. ಕೆಲ ಕಾಲದ ಮೇಲೆ ಕುಮಟೆಯಲ್ಲಿ ರಿಜಿಸ್ಟರ್ ಮದುವೆಯಾಯಿತು. ನಮ್ಮ ಕಡೆಯಿಂದ ನಾನೊಬ್ಬಳು ಸಾಕ್ಷಿ. ಅಂದಿನಿಂದ ತಮ್ಮ ನನ್ನ ಹತ್ತಿರವೂ ಲೆಕ್ಕ ಹಾಕಿ ಮಾತಾಡುತ್ತಾನೆ. ಮಗಳಿಗೆ ಮನೆಯೇ ಮುಚ್ಚಿತು.

ಕಳೆದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅವಳು ಬಂದು ಗೇಟಿನ ಹೊರಗೆ ನಿಂತಳು, ತುಂಬಿದ ಬಸುರಿ. ಗೇಟಿಗೆ ಚಿಲಕ ಹಾಕಿತ್ತು. ಸರಳುಗಳ ಸಂದಿಯಿಂದ ಪ್ರಿನ್ಸ್ ನುಸುಳಿ ಹೋಗಿ ಅವಳ ಕಾಲು ಸುತ್ತಿ ಕುಣಿಯಿತು. ಅವಳ ಅಮ್ಮ ಅಡುಗೆಮನೆಯ ಕಿಟಕಿಯಲ್ಲಿ ಸೆರಗು ಬಾಯಿಗಿಟ್ಟು ನಿಂತಿದ್ದಳು. ತಮ್ಮ ಜಗಲಿಯಿಂದ "ಪ್ರಿನ್ಸ್, ಒಳಗೆ ಬಾ" ಎಂದ. ಮಗಳನ್ನು ನೋಡಲಿಲ್ಲ. ನಾಯಿ ಬಂದೊಡನೆ ಚೊಂಬಿನಲ್ಲಿ ನೀರು ತಂದು ಅದರ ನಾಲ್ಕೂ ಕಾಲು ತೊಳೆದು ತನ್ನ ಟವೆಲಿನಲ್ಲಿ ಒರೆಸಿದ. ನಾನು ಲೋಟದಲ್ಲಿ ನೀರು, ಬೆಲ್ಲ ಹಿಡಿದು ಹೋಗಿ ಸರಳಿನ ಸಂದಿಯಲ್ಲೇ ಕೊಟ್ಟೆ. ಚಿಲಕಕ್ಕೆ ಕೈ ಹಾಕಿದರೆ ಅವಳೇ ಬೇಡವೆಂದು ತಡೆದಳು. ನೀರು ಕುಡಿದು ಲೋಟ ಹಿಂದಿರುಗಿಸಿದಳು.

"ಆತು ಅತ್ತೆ, ನೀನು ಒಳಗೆ ಹೋಗು. ಪ್ರಿನ್ಸನ್ನ ಮತ್ತೆ ಹೊರಗೆ ಬಿಡಬೇಡ, ಅದ್ಕೆ ಬಿಸಿಲು ತಡೆಯೂದಿಲ್ಲ."

ಮರುದಿನ ತಮ್ಮ ಒಂದು ಹೊರೆ ಹಳೆಯ ಬಲೆ ತಂದು ಗೇಟಿನ ಕೆಳಭಾಗಕ್ಕೆಲ್ಲ ಬಿಗಿದು ಕಟ್ಟಿದ, ನಾಯಿ ನುಸುಳದಿರಲಿ ಎಂದು. ಕೋಳಿ ಬಾರದಂತೆ ಬೇಲಿಗೆ ಮೀನುಬಲೆ ಕಟ್ಟುವುದು ನಮ್ಮ ಕಡೆ ಇದ್ದದ್ದೇ. ಬಲೆ ಎಲ್ಲಿಯದು ಎಂದು ಕೇಳಿದೆ.

"ಮಾವಿನಕುರ್ವೆದು" ಎಂದ, ಗಂಟು ಎಳೆದು ನೋಡುತ್ತ. "ಅಲ್ಲಿಯವ್ರ ಬಲೆ ಅಂದ್ರೆ ಗಟ್ಟಿ."

ಈಗ ಸಂಧ್ಯಾಳ ಮಗುವಿಗೆ ಮೂರು ತಿಂಗಳು, ಈ ಮನೆ ಕಂಡಿಲ್ಲ. ಪ್ರಿನ್ಸ್ ಮಾತ್ರ ದಿನಾ ಮಧ್ಯಾಹ್ನ, ತಮ್ಮ ಮಲಗಿದ ಹೊತ್ತಿಗೆ, ಗೇಟಿನ ಬುಡದ ಮಣ್ಣು ಕೆರೆಯುತ್ತದೆ. ರಿಬ್ಬನ್ ಮಣ್ಣಾಗುತ್ತದೆ. ನಾನು ಮುಚ್ಚಿಟ್ಟ ತೆಂಗಿನ ಗರಿಯಡಿ ಹೊಂಡ ದಿನದಿನಕ್ಕೆ ಆಳವಾಗುತ್ತಿದೆ. ಬಾಚಣಿಗೆ ತೆಗೆದುಕೊಂಡು ಪ್ರಿನ್ಸನ ಕೂದಲಿನ ಮಣ್ಣನ್ನೆಲ್ಲ ಬಾಚಿ ತೆಗೆಯುವುದು ನನ್ನ ಕೆಲಸ, ತಮ್ಮ ಏಳುವುದರೊಳಗೆ.