ಆಳಂದದ ಬೋಳುಗುಡ್ಡದಲ್ಲಿ

ಬಾಲಾಘಾಟ ಗುಡ್ಡಸಾಲಿನ ಕೊನೆಯ ತುಂಡು ನಮ್ಮ ಆಳಂದದ ಕಡೆ ಬಂದು ನಿಲ್ಲುತ್ತದೆ. ಅದನ್ನು ಪರ್ವತ ಎಂದು ಹೊಗಳುವವರು ಒಂದು ಸಲ ಹತ್ತಿ ನೋಡಲಿ! ಮೆಟ್ಟಿಲು ಮೆಟ್ಟಿಲಾಗಿ ಕರಿಕಲ್ಲು. ತುದಿಗೆ ಹೋದರೆ ಶಿಖರವೂ ಇಲ್ಲ, ಕಣದ ಹಾಗೆ ಸಪಾಟು ಬಯಲು. ಮರವಿಲ್ಲ, ನೆರಳಿಲ್ಲ. ನಲವತ್ತೆಂಟನೇ ಇಸವಿಯ ಬೇಸಿಗೆಯಲ್ಲಿ ಆ ಹಾಳು ಗುಡ್ಡವೇ ನಮಗೆ ಜೈಲಾಯಿತು.

ನಮ್ಮ ಹೈದರಾಬಾದ ಸೀಮೆ ಹಿಂದೂಸ್ತಾನಕ್ಕೆ ಸೇರಬೇಕು ಎಂದು ನನ್ನ ಗಂಡ ನಿಂಬರ್ಗಾದ ಕಟ್ಟೆಯ ಮೇಲೆ ಗಂಟಲು ಹರಿದುಕೊಂಡಿದ್ದರು. ಸೇರುವುದು ಬೇಡವೆನ್ನುವ ಬಂದೂಕಿನವರು ಅವರನ್ನು ಹುಡುಕಿಕೊಂಡು ಬಂದಾಗ ಗಂಡ, ಅತ್ತೆ, ನಾನು ಗುಡ್ಡ ಹತ್ತಿ ಒಂದು ಕೊಳ್ಳದಲ್ಲಿ ಅಡಗಿದೆವು. ಸೊಲ್ಲಾಪುರದ ಕಡೆ ಇಳಿದಿದ್ದರೆ ಹಿಂದೂಸ್ತಾನದ ಗಡಿ ಸೇರಿ ಪಾರಾಗುತ್ತಿದ್ದೆವು. ಆದರೆ ಆ ದಾರಿಯ ಬುಡದಲ್ಲೇ ಬಂದೂಕಿನವರ ಕಾವಲು ನಾಕಾ ಕೂತಿತ್ತು. ಮುಂದೆ ಹೋಗುವಂತಿಲ್ಲ, ಹಿಂದೆ ಹೋಗುವಂತಿಲ್ಲ. ಕಾದ ಕಲ್ಲಿನ ಮೇಲೆ ಕೂತು ಕೂತು ನನಗೆ ಉಸಿರು ಕಟ್ಟುತ್ತಿತ್ತು.

ತಂದಿದ್ದ ಖಡಕ್ ರೊಟ್ಟಿ ಮುಗಿದವು, ಗಂಟಿನಲ್ಲಿ ಹಿಟ್ಟಷ್ಟೇ ಉಳಿಯಿತು. ಬೆಂಕಿ ಹಚ್ಚುವುದರಲ್ಲಿ ನನ್ನ ಗಂಡ ಎಷ್ಟು ಜೋಪಾನ! ಒಣ ಪುಳ್ಳೆಗಳನ್ನೇ ಆರಿಸಿ, ಹೊಗೆ ಏಳದಂತೆ ಒಲೆ ಹೂಡಿದರು. ಅತ್ತೆ ನಮಗೆ ಬೆನ್ನು ಮಾಡಿ, ಹಾಸುಗಲ್ಲಿನ ಮೇಲೆ ಜೋಳದ ರೊಟ್ಟಿ ಬಡಿಯಲು ಕೂತರು. ಅವರ ಕಿವಿ ಮಂದ, ಕೈ ಜೋರು. ನಮ್ಮಲ್ಲಿ ರೊಟ್ಟಿ ಬಡಿಯುವುದು ಒಂದು ಸಪ್ಪಳ ಎಂದು ಯಾರಿಗಾದರೂ ಅನ್ನಿಸುತ್ತದೆಯೇ? ಬೆಳಗಾದರೆ ಮನೆಮನೆಯಲ್ಲೂ ಅದೇ. ನಮಗೂ ಹೊಳೆಯಲಿಲ್ಲ.

ಪಟಪಟ ಎಂಬ ಬಡಿತ ಎದುರಿನ ಬಂಡೆಗೆ ತಾಗಿ ದೊಡ್ಡದಾಗಿ ಕೆಳಗಿಳಿಯಿತು. ನಾಕಾದವರು ತಲೆ ಎತ್ತಿದರು. ಬಂದೂಕು ಹೆಗಲಿಗೇರಿಸಿ ಹತ್ತತೊಡಗಿದರು.

ನಾನು ಅತ್ತೆಯ ಕೈ ಹಿಡಿಯಲು ಧಾವಿಸಿದೆ. ಗಂಡ ತಡೆದರು. “ಆಕಿಗಿ ಸಪ್ಪಳದ ಮಾತು ಹೇಳಬ್ಯಾಡ. ಅವ್ರು ಇಲ್ಲಿತನಕ ಬಂದ್ರ ನಿಮ್ಮನ್ನೂ ಬಿಡಂಗಿಲ್ಲ. ನಾನೇ ಇಳೀತೇನಿ.”

“ಹೋಗಬ್ಯಾಡ್ರೀ!” ಎಂದು ಅವರ ಧೋತರ ಹಿಡಿದು ಜಗ್ಗಿದೆ. ಬಿಡಿಸಿಕೊಂಡು ಹೊರಟೇಬಿಟ್ಟರು.

ಅತ್ತೆ ತಿರುಗಿ ನೋಡಿದರು. “ಎಲ್ಲಿಗಿ ಹೊಂಟಿ ಲೇ? ಜಲ್ದಿ ಬಾ, ರೊಟ್ಟಿ ಆರತಾವ!”

“ಬಂದೆ ಬೇ ಯವ್ವಾ,” ಎಂದು ಗಂಡ ಕೈಯೆತ್ತಿದರು.

ಅವರು ಬರಲಿಲ್ಲ. ಆಮೇಲೆ ಅತ್ತೆ ಬದುಕಿದಷ್ಟು ಕಾಲವೂ ನಾನು ಅವರ ಜೊತೆ ಉಪ್ಪಿಗೆ, ಖಾರಕ್ಕೆ ಜಗಳಾಡಿದ್ದೇನೆ, ಬಾಯಿಗೆ ಬಂದಂತೆ ಅಂದಿದ್ದೇನೆ. ಆದರೆ ಒಂದೊಂದು ದಿನ ಅವರು ಹಿಟ್ಟು ನಾದುತ್ತ, “ನನ್ನ ಮಗನ್ನ ಹಿಡಿದುಕೊಟ್ಟವರ ಕೈ ಸೇದಿ ಹೋಗ್ಲಿ!” ಎಂದು ಶಾಪ ಹಾಕುತ್ತಿದ್ದರು. “ಹಂಗ ಅನಬ್ಯಾಡ್ರಿ ಅತ್ತಿ,” ಎಂದು ನಾನು ಎದ್ದು ಹೋಗುತ್ತಿದ್ದೆ.