ಟೇಲರಮ್ಮ ರೀಲ್ ಕ್ಯಾಮೆರಾ ಕೊಂಡದ್ದು

ನನಗೊಂದು ರೀಲ್ ಕ್ಯಾಮೆರಾ ಬೇಕು ಎಂದು ಮೊದಲ ಸಲ ಬಾಯಿಬಿಟ್ಟು ಹೇಳಿದ ದಿನ ನಮ್ಮ ಮನೆಯವರು ಕೈತುತ್ತು ತಟ್ಟೆಯಲ್ಲೇ ಬಿಟ್ಟು ನಕ್ಕರು. ನಗಲಿ, ಅವರ ತಪ್ಪೇನೂ ಇಲ್ಲ. ಹಿರೇಗುತ್ತಿಯಲ್ಲಿ ರಸ್ತೆ ಬದಿಗೆ ಟೇಲರಿಂಗ್ ಅಂಗಡಿ ಇಟ್ಟುಕೊಂಡ ಐವತ್ತಾರರ ಹೆಂಗಸು, ಅದೂ ಎರಡು ತಿಂಗಳ ಹಿಂದಷ್ಟೇ ಬಲಗಣ್ಣಿನ ಪೊರೆ ತೆಗೆಸಿಕೊಂಡವಳು, ಇಂಥ ಮಾತಾಡಿದರೆ ಯಾರಿಗಾದರೂ ನಗು ಬಂದೀತು.

"ಮೊಬೈಲಲ್ಲಿ ಫೋಟೋ ಬರೂದಿಲ್ವಾ? ಈಗೆಂತಕೆ ರೀಲು?" ಅಂದರು.

ಬರುತ್ತವೆ, ಬೇಡವೆಂದರೂ ಬರುತ್ತವೆ. ನನ್ನ ಮೊಬೈಲಿನಲ್ಲಿ ಸಾವಿರಗಟ್ಟಲೆ ಫೋಟೋ ಇವೆ, ಒಂದನ್ನೂ ನೋಡಿ ತೆಗೆದದ್ದಲ್ಲ. ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಎರಡು ಸಲ ಅಳೆಯುವವಳು ನಾನು. ಅಳತೆಯೇ ಬೇಡದ ಕೆಲಸದಲ್ಲಿ ನನಗೆ ರುಚಿಯಿಲ್ಲ. ಒಂದು ರೀಲಿಗೆ ಮೂವತ್ತಾರೇ ಫೋಟೋ, ಕೆಟ್ಟರೆ ಕೆಟ್ಟಿತು, ಬಿಚ್ಚಿ ಮತ್ತೆ ಹೊಲಿಯುವ ಹಾಗಿಲ್ಲ. ಅದನ್ನು ಕೇಳಿಯೇ ನನ್ನ ಕೈ ತುರಿಸುತ್ತಿತ್ತು.

ಈ ಹುಚ್ಚು ಹತ್ತಿಸಿದವಳು ಗೋಕರ್ಣಕ್ಕೆ ಹೊರಟಿದ್ದ ಒಬ್ಬ ಹುಡುಗಿ. ಹೋದ ವರ್ಷ ಹರಿದ ಕ್ಯಾಮೆರಾ ಪಟ್ಟಿಯನ್ನು ಹೊಲಿಸಿಕೊಳ್ಳಲು ಅಂಗಡಿಗೆ ಬಂದವಳು, ಹೊಲಿದು ಕೊಟ್ಟ ಖುಷಿಗೆ "ನೋಡಿ ಆಂಟಿ" ಎಂದು ಕ್ಯಾಮೆರಾವನ್ನು ನನ್ನ ಕೈಗಿತ್ತಳು. ನನ್ನ ಎಡಗಣ್ಣು ಹುಟ್ಟಿನಿಂದಲೇ ಮಂದ. ಸೂಜಿ, ನೂಲು, ಸಂಸಾರ ಎಲ್ಲವೂ ನಡೆದದ್ದು ಬಲಗಣ್ಣಿನ ಮೇಲೆ. ಅದಕ್ಕೇ ಹಿಡಿದು ನೋಡಿದೆ. ಬರೀ ಮಂಜು. "ಚೊಲೋ ಅದೆ" ಎಂದು ಸುಳ್ಳು ಹೇಳಿ ವಾಪಸ್ ಕೊಟ್ಟೆ. ಪೊರೆ ಬಂದಿದೆ ಎಂದು ನನಗೆ ತಿಳಿದದ್ದೇ ಅವತ್ತು.

ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಆಮೇಲೆ ಹೊಲಿದ ಮೊದಲ ಚೌಕಳಿ ಅಂಗಿಯಲ್ಲಿ ಜೇಬಿನ ಗೆರೆ ಎದೆಯ ಗೆರೆಗೆ ಕೂಡಲಿಲ್ಲ. ಒಂದು ನೂಲಿನಷ್ಟು ಆಚೆ. ಗಿರಾಕಿ ನೋಡಲಿಲ್ಲ, ನಾನು ನೋಡಿದೆ. ಅಂದಿನಿಂದ ಸೂಕ್ಷ್ಮ ಕೆಲಸವನ್ನೆಲ್ಲ ಬೇರೆ ಅಂಗಡಿಗೆ ಕಳಿಸಿ, ಬರೀ ಚೀಲ, ಪರದೆ ಹೊಲಿಯುತ್ತ ಕೂತೆ. ಕ್ಯಾಮೆರಾದೊಳಗೆ ನೋಡಿ ಫೋಕಸ್ ಮಾಡಲು ಈ ಕಣ್ಣಿಗೆ ಆದರೆ ಸರಿ, ಆಗದಿದ್ದರೆ ಅಂಗಡಿಯ ಬೋರ್ಡು ಇಳಿಸುವುದೇ ಎಂದು ಮನಸ್ಸಿನಲ್ಲೇ ನಿಶ್ಚಯ ಮಾಡಿಕೊಂಡಿದ್ದೆ. ಇದನ್ನು ಯಾರಿಗೂ ಹೇಳಿರಲಿಲ್ಲ.

ಹಾಗಾಗಿ ಒಂದು ಮುಂಜಾನೆ ಇಬ್ಬರೂ ಬಸ್ಸು ಹತ್ತಿದೆವು. ನಮ್ಮ ಮನೆಯವರು ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಕುಮಟಾ ದಾಟುವವರೆಗೆ ಡ್ರೈವರನ ಗೇರು, ದಾಟಿದ ಮೇಲೆ ಅವನ ಬ್ರೇಕು, ಒಂದನ್ನೂ ಬಿಡದೆ ಬಯ್ದರು. ನನಗೆ ಯಾವುದೂ ಕಿವಿಗೆ ಬೀಳಲಿಲ್ಲ. ಹದಿನಾರರ ಹುಡುಗಿಯ ಹಾಗೆ ಕಿಟಕಿಗೆ ಮೂಗು ಒತ್ತಿ ಕೂತಿದ್ದೆ.

ಭಟ್ಕಳದ ಪೇಟೆಯಲ್ಲಿ ವಾಚು, ಅತ್ತರು, ಪರದೇಶದ ಸಾಮಾನು ಮಾರುವ ಒಂದು ಅಂಗಡಿ. ಕೊಲ್ಲಿಯಲ್ಲಿ ದುಡಿದು ಬಂದವರು ತಂದ ಹಳೆಯ ಕ್ಯಾಮೆರಾಗಳೂ ಅಲ್ಲಿಗೆ ಬರುತ್ತವೆ ಎಂದು ಕೇಳಿದ್ದೆ. ಮಾಲೀಕರು ಒಳಗಿನವರೊಡನೆ ನವಾಯತಿ ಮಾತಾಡುತ್ತಿದ್ದವರು ನಮ್ಮನ್ನು ಕಂಡು ಕನ್ನಡಕ್ಕೆ ಬಂದರು.

"ಬನ್ನಿ ಅಕ್ಕಾ, ಕೂತ್ಕೊಳ್ಳಿ. ಯಾರಿಗೆ, ಮಗನಿಗಾ?"

"ನನಗೆ" ಅಂದೆ ಸ್ವಲ್ಪ ಜೋರಾಗಿಯೇ.

"ಅದರಷ್ಟಕ್ಕೆ ಅದೇ ಫೋಕಸ್ ಮಾಡ್ಕೊಳ್ಳೂದು ಇದ್ರೆ ಕೊಡಿ. ಇವಳ ಕಣ್ಣಿಗೆ ತ್ರಾಸಾಗೂದು ಬೇಡ" ಅಂದರು ನಮ್ಮವರು.

ಮಾಲೀಕರು ಕಪ್ಪು ಪ್ಲಾಸ್ಟಿಕ್ಕಿನದೊಂದನ್ನು ಇಟ್ಟರು. ಹಗುರ, ಇದ್ದುದರಲ್ಲೇ ಅಗ್ಗ. ಗುಂಡಿ ಅರ್ಧ ಒತ್ತಿದರೆ ಝುಂಯ್ ಎಂದು ತಾನೇ ಫೋಕಸ್ ಆಗುತ್ತದೆ. ಒಳ್ಳೆಯದೇ, ಯಾರು ಬೇಕಾದರೂ ಕೊಳ್ಳಬಹುದು. ಆದರೆ ನಾನು ಅಷ್ಟು ದೂರ ಹೋದದ್ದು ಯಂತ್ರದ ಕಣ್ಣು ಪರೀಕ್ಷೆ ಮಾಡಲಲ್ಲವಲ್ಲ. ಅದನ್ನು ಕೈಯಿಂದ ತಿರುಗಿಸುವಂತೆ ಮಾಡಿಸಿಕೊಂಡು ನೋಡಿದೆ. ಒಳಗೆ ಬರೀ ಮಸುಕು ಗಾಜು. ಎದುರಿನ ಗಡಿಯಾರ ಎಲ್ಲಿ ಸ್ಪಷ್ಟವಾಯಿತು, ಎಲ್ಲಿ ಮಬ್ಬಾಯಿತು, ಒಂದೂ ತಿಳಿಯಲಿಲ್ಲ. ಕ್ಯಾಮೆರಾವನ್ನು ಹಿಂದಕ್ಕೆ ಸರಿಸಿದೆ.

"ಇದರ ಗಾಜೇ ಸರಿ ಇಲ್ಲ" ಅಂದೆ.

"ಕುಣೀಲಿಕ್ಕೆ ಬಾರದವಳು ನೆಲ ಡೊಂಕು ಅಂದ್ಳಂತೆ" ಎಂದು ನಮ್ಮವರು ಗೋಡೆಗೆ ಹೇಳಿದರು.

ಆಗ ಕಪಾಟಿನ ಮೂಲೆಯಲ್ಲಿದ್ದ ಬೆಳ್ಳಿ ಬಣ್ಣದ ಕ್ಯಾಮೆರಾ ಕಣ್ಣಿಗೆ ಬಿತ್ತು. ಕಂದು ಚರ್ಮದ ಚೀಲ, ಒಂದು ಗೀರೂ ಇಲ್ಲ, ಮದುಮಗಳ ಹಾಗೆ ಕೂತಿದೆ. "ಇದೇ ಕೊಡಿ" ಎಂದುಬಿಟ್ಟೆ. ಮಾಲೀಕರು ಪುಣ್ಯಾತ್ಮರು. ಮೊಬೈಲಿನ ಟಾರ್ಚು ಹಚ್ಚಿ, ಲೆನ್ಸಿನ ಒಂದು ಬದಿಯಿಂದ ಬೆಳಕು ಬಿಟ್ಟು ಇನ್ನೊಂದು ಬದಿಯಿಂದ ನನಗೆ ತೋರಿಸಿದರು. ಒಳಗೆ ಬಿಳಿ ಬೇರುಗಳು, ಹಳಸಿದ ರೊಟ್ಟಿಯ ಬೂಸ್ಟಿನ ಹಾಗೆ.

"ಚರ್ಮದ ಚೀಲದಲ್ಲಿ ಮುಚ್ಚಿಟ್ಟದ್ದು ಅಕ್ಕಾ. ನಮ್ಮ ಮಳೆಗಾಲ ನಿಮಗೆ ಗೊತ್ತಲ್ಲ. ಇದು ಶೋಕೇಸಿಗೆ ಸರಿ, ಫೋಟೋಕ್ಕೆ ಬೇಡ."

ಹೊರಗೆ ಥಳಕು, ಒಳಗೆ ಹುಳುಕು. ನನ್ನ ಮುಖ ನೋಡಿ ಪಾಪ ಅನಿಸಿತೋ ಏನೋ, ಹೊನ್ನಾವರದ ಒಬ್ಬ ಹಳೆಯ ಫೋಟೋಗ್ರಾಫರ ಮನೆಯ ಗುರುತನ್ನು ಚೀಟಿಯಲ್ಲಿ ಬರೆದುಕೊಟ್ಟರು. "ಅವರ ಮಾಲು ನೋಡೂಕೆ ಚಂದ ಇಲ್ಲ. ಆದ್ರೆ ಒಳಗೆ ಸಾಫ್" ಅಂದರು.

ಹೊನ್ನಾವರದಲ್ಲಿ ಆ ಮನೆ ಸಿಕ್ಕಾಗ ಊಟದ ಹೊತ್ತು ಮೀರಿತ್ತು. ನಲವತ್ತು ವರ್ಷ ಮದುವೆ ಫೋಟೋ ತೆಗೆದ ಅಜ್ಜ, ಬನಿಯನ್ನಿನಲ್ಲೇ ಬಂದು ಬಾಗಿಲು ತೆಗೆದರು. ಒಳಗೆ ಒಂದು ಮರದ ಕಪಾಟು, ಅದರೊಳಗೆ ಕ್ಯಾಮೆರಾಗಳ ನಡುವೆ ಹಗಲಿನಲ್ಲೂ ಉರಿಯುವ ಸಣ್ಣ ಬಲ್ಬು.

"ಥಂಡಿ ಹಿಡೀಬಾರ್ದು ಅಂತ" ಎಂದರು. "ಕರೆಂಟ್ ಹೋದಾಗ ಬಿಟ್ರೆ ಈ ದೀಪ ಆರಿದ್ದಿಲ್ಲ."

ತೆಗೆದುಕೊಟ್ಟ ಕ್ಯಾಮೆರಾದ ಮೂಲೆಗಳಲ್ಲಿ ಕಪ್ಪು ಬಣ್ಣ ಸವೆದು ಹಿತ್ತಾಳೆ ಕಾಣುತ್ತಿತ್ತು. ಎತ್ತಿದರೆ ಇಸ್ತ್ರಿಪೆಟ್ಟಿಗೆಯ ಭಾರ. ಟಾರ್ಚು ಬಿಟ್ಟು ನೋಡಿದೆ, ಲೆನ್ಸು ಬಾವಿಯ ನೀರಿನ ಹಾಗೆ ತಿಳಿ. ಹಿಂದಿನ ಬಾಗಿಲು ತೆರೆದು, ಶಟರನ್ನು ಒಂದು ಸೆಕೆಂಡಿಗೆ ಇಟ್ಟು ಒತ್ತು ಎಂದರು. ಝರ್ರ್ ಎಂದು ಹಲ್ಲುಚಕ್ರ ಓಡಿ ಠಕ್ ಎಂದು ನಿಂತಿತು. ಆ ಸದ್ದು ನನಗೆ ಗೊತ್ತು! ಎಣ್ಣೆ ಕಂಡ, ದಿನಾ ದುಡಿದ ಯಂತ್ರದ ಸದ್ದು. ವೇಗ ಹೆಚ್ಚಿಸುತ್ತ ಹೋದೆ, ಪ್ರತಿಯೊಂದಕ್ಕೂ ಬೇರೆ ಬೇರೆ ಸದ್ದು ಕೊಟ್ಟಿತು. ಇದಕ್ಕೆ ಬ್ಯಾಟರಿಯೂ ಬೇಡ. ನನಗೆ ಕುಣಿಯಬೇಕು ಅನಿಸಿತು.

"ಎರಡು ದೋಷ ಅದೆ" ಎಂದರು ಅಜ್ಜ. "ಬೆಳಕು ಅಳೆಯೋ ಮುಳ್ಳು ಸತ್ತದೆ, ನೀನೇ ಅಂದಾಜು ಮಾಡ್ಬೇಕು. ಒಳ್ಳೆ ಬಿಸಿಲಿದ್ರೆ ಲೆನ್ಸು ಹದಿನಾರಕ್ಕೆ ಇಡು, ರೀಲಿನ ಮೇಲಿನ ನಂಬರೇ ಶಟರಿನ ನಂಬರು, ಮೋಡ ಆದ್ರೆ ಲೆನ್ಸು ಸ್ವಲ್ಪ ತೆರಿ. ಎರಡನೇದು, ಬಾಗಿಲ ಅಂಚಿನ ಸ್ಪಂಜು ಕರಗಿ ಅಂಟಾಗಿದೆ. ಬೆಳಕು ನುಗ್ಗಿ ರೀಲು ಹಾಳಾಗ್ತದೆ. ಅದನ್ನ ದೂರಕ್ಕೆ ಕಳಿಸಿ ಹಾಕಿಸ್ಬೇಕು. ಅದಕ್ಕೇ ಯಾರೂ ತಕ್ಕೊಂಡಿಲ್ಲ."

"ಕಪ್ಪು ಉಣ್ಣೆ ನೂಲು ಕೂರಿಸಿದ್ರೆ ಆತಲ್ಲ?" ಅಂದೆ.

ಅಜ್ಜ ನನ್ನನ್ನೇ ನೋಡಿದರು. "ಎಂತ ಕೆಲಸ ನಿಂದು?"

"ಟೇಲರು."

"ಹಾಂ. ಹಾಗಾದ್ರೆ ಒಳಗೆ ನೋಡು."

ನಮ್ಮವರು ಜಗಲಿಯ ಬೆಂಚಿನ ಮೇಲೆ ಬೆಳಕಿಗೆ ಕೂತಿದ್ದರು. ಕನ್ನಡಕ ತೆಗೆದು ಬಲಗಣ್ಣಿಗೆ ಕ್ಯಾಮೆರಾ ಹಿಡಿದೆ. ನಡುವೆ ಒಂದು ಸಣ್ಣ ವೃತ್ತ, ಅದನ್ನು ಅಡ್ಡಕ್ಕೆ ಕತ್ತರಿಸಿದ ಒಂದು ಗೆರೆ. ಗೆರೆಯ ಮೇಲೆ ನಮ್ಮವರ ಮೂಗಿನ ಅರ್ಧ ಎಡಕ್ಕೆ, ಕೆಳಗೆ ಉಳಿದರ್ಧ ಬಲಕ್ಕೆ. ಇದು ಮಸುಕು ಗಾಜಲ್ಲ, ಇದು ಚೌಕಳಿ ಬಟ್ಟೆ! ಎರಡು ತುಂಡು, ಒಂದು ಹೊಲಿಗೆ, ಗೆರೆಗೆ ಗೆರೆ ಕೂಡಿಸಬೇಕು, ಅಷ್ಟೇ. ಲೆನ್ಸಿನ ಬಳೆ ತಿರುಗಿಸಿದೆ. ಮೂಗು ಕೂಡುತ್ತ ಬಂತು, ದಾಟಿತು, ಹಿಂದಕ್ಕೆ ತಂದೆ. ಕೂಡಿತು. ಒಂದು ನೂಲಿನಷ್ಟೂ ಆಚೀಚೆ ಇಲ್ಲ.

ಕೂಡಿದ ಮೇಲೆಯೇ ನಾನು ಆ ಮುಖ ನೋಡಿದ್ದು. ಬೆಳಿಗ್ಗೆಯಿಂದ ಕಾಲೆಳೆಯುತ್ತ ಬಂದ ಮನುಷ್ಯ ಎರಡೂ ಕೈ ಮೊಣಕಾಲ ನಡುವೆ ಒತ್ತಿಕೊಂಡು, ತುಟಿ ಕಚ್ಚಿ, ರೆಪ್ಪೆ ಬಡಿಯದೆ ನನ್ನನ್ನೇ ನೋಡುತ್ತಿದ್ದರು. ಆಪರೇಷನ್ ಕೋಣೆಯ ಹೊರಗೂ ಹೀಗೆಯೇ ಕೂತಿದ್ದಿರಬೇಕು. ಬೋರ್ಡು ಇಳಿಸುವ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ, ಆದರೂ ಇವರಿಗೆ ಗೊತ್ತಿತ್ತು. ನಾನು ಗುಂಡಿ ಒತ್ತಿಬಿಟ್ಟೆ. ಠಕ್ ಎಂದಿತು. ಒಳಗೆ ರೀಲ್ ಇರಲಿಲ್ಲ.

"ಕಂಡ್ತಾ?" ಎಂದರು ಸಣ್ಣ ದನಿಯಲ್ಲಿ.

"ಕಂಡ್ತು" ಅಂದೆ. ಆಮೇಲೆ ಅಜ್ಜನ ಮನೆಯ ಜಗಲಿಯಲ್ಲಿ ನಿಂತು ನಾಚಿಕೆಯಿಲ್ಲದೆ ಅತ್ತೆ, ನಕ್ಕೆ, ಎರಡೂ.

ಕ್ಯಾಮೆರಾ ಹೊಸ ಮೊಬೈಲಿನ ಅರ್ಧ ಬೆಲೆಗಿಂತಲೂ ಕಡಿಮೆಗೆ ಸಿಕ್ಕಿತು. ಸಂಜೆಯೇ ಉಣ್ಣೆ ನೂಲು ಕೂರಿಸಿದೆ. ರೀಲು ಅಂಚೆಯಲ್ಲಿ ಬರುತ್ತದೆ, ತೊಳೆಯಲು ಅಂಚೆಯಲ್ಲೇ ಹೋಗುತ್ತದೆ. ಅಘನಾಶಿನಿ ಹೊಳೆಯಲ್ಲಿ ಸೊಂಟಮಟ್ಟದ ನೀರಿನಲ್ಲಿ ನಿಂತು ಚಿಪ್ಪಿ ಆರಿಸುವ ಹೆಂಗಸರ ನಾಲ್ಕು ಫೋಟೋ ಎಷ್ಟು ಚೆನ್ನಾಗಿ ಬಂದಿವೆ ಎಂದರೆ ನಾನೇ ದಿನಕ್ಕೆರಡು ಸಲ ನೋಡುತ್ತೇನೆ. ಚೌಕಳಿ ಅಂಗಿಗಳನ್ನೂ ಮತ್ತೆ ಹಿಡಿದಿದ್ದೇನೆ.

ಅವತ್ತು ಜಗಲಿಯಲ್ಲಿ ಕಂಡ ಆ ಒಂದು ಮುಖ ಮಾತ್ರ ಸಿಗಲಿಲ್ಲ. ಕ್ಯಾಮೆರಾ ಎತ್ತಿದರೆ ಸಾಕು, ನಮ್ಮವರು ತಲೆ ಬಾಚಿ ಮತದಾರರ ಗುರುತಿನ ಚೀಟಿಯ ಮುಖ ಮಾಡುತ್ತಾರೆ. ಐದನೇ ರೀಲು ಮುಗಿಯುತ್ತ ಬಂದಾಗ ನನಗೊಂದು ಕೆಟ್ಟ ಬುದ್ಧಿ ಹೊಳೆಯಿತು. ಅವರು ಅಂಗಳದಲ್ಲಿ ಪೇಪರ್ ಓದುತ್ತಿದ್ದಾಗ ದೂರದಿಂದ ಫೋಕಸ್ ಕೂಡಿಸಿಟ್ಟುಕೊಂಡು, "ಅಯ್ಯೋ, ನನ್ನ ಕಣ್ಣು!" ಎಂದು ಕೂಗಿದೆ.

ಪೇಪರ್ ಕೆಳಗೆ ಬಿತ್ತು. ಅದೇ ಮುಖ ನನ್ನ ಕಡೆ ತಿರುಗಿತು. ಬೆರಳು ಗುಂಡಿಯ ಮೇಲೆಯೇ ಇತ್ತು. ನನಗೆ ಒತ್ತಲು ಆಗಲಿಲ್ಲ.